ಭೀಮಣ್ಣನ ಕೋಡ್‌ಗೆ ಒಂದು ಷರಾ

ಹೆಬ್ಬಾಳದ ಮೇಲ್ಸೇತುವೆ ಕಾಣುವ ಕಿಟಕಿಯ ಪಕ್ಕ ಕೂತು ಸಬಾ ಆ ಶುಕ್ರವಾರ ಬೆಳಿಗ್ಗೆ ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿದಳು. ಉತ್ತರ ಬದಲಾಗಲಿಲ್ಲ. ಭೀಮಣ್ಣ ತಪ್ಪು ಮಾಡಿದ್ದರು. ಅದನ್ನು ಹೇಳಬೇಕಾದವಳು ಅವಳೇ.

ಭೀಮಣ್ಣ ಎಂದರೆ ಭೀಮರಾಜ್. ಕಂಪನಿ ಶುರುವಾದಾಗ ಇದ್ದವರಲ್ಲಿ ಈಗ ಉಳಿದಿರುವುದು ಅವರೊಬ್ಬರೇ. ಅಲ್ಲಾಳಸಂದ್ರದ ಹಳೇ ಮನೆತನದವರು, ವಯಸ್ಸು ಐವತ್ತರ ಅಂಚು. ಕಾರು ಯಾಕೆ ತಗೊಳ್ಳಲಿಲ್ಲ ಎಂದು ಕೇಳಿದವರಿಗೆ ಮಾತಾಡದೆ ಹೆಬ್ಬಾಳದ ಟ್ರಾಫಿಕ್ ಕಡೆ ಬೆರಳು ತೋರಿಸಿ ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಾರೆ. ಸಬಾಳನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ. ಇಂಟರ್‌ವ್ಯೂನಲ್ಲಿ ಒಬ್ಬ ಮಹಾನುಭಾವ ಅವಳ ತಲೆಯ ಮೇಲಿನ ಓಡಣಿ, ಆರ್.ಟಿ. ನಗರದ ಮನೆ, ಮದುವೆ ಯಾವಾಗ ಎಂದೆಲ್ಲ ಕೆದಕುತ್ತಿದ್ದಾಗ ಭೀಮಣ್ಣ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ, "ಕೋಡ್ ನೋಡ್ರೀ ಸ್ವಾಮಿ, ಮಿಕ್ಕಿದ್ದೆಲ್ಲ ನಿಮಗ್ಯಾಕೆ," ಎಂದಿದ್ದರು. ಆ ಮಾತನ್ನು ಸಬಾ ಮರೆತಿರಲಿಲ್ಲ. ಮರೆಯುವಂಥದ್ದೂ ಅಲ್ಲ.

ಅವರ ಕಂಪನಿ ಸ್ಕ್ಯಾನಿಂಗ್ ಸೆಂಟರ್‌ಗಳಿಗೆ ದೊಡ್ಡ ಸ್ಟೋರೇಜ್ ಯಂತ್ರ ಮಾಡಿ ಕೊಡುತ್ತದೆ. ತಂಡದವರು ಅದನ್ನು ಡಬ್ಬ ಎನ್ನುತ್ತಾರೆ. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಅದರೊಳಗೆ. ಯಾವ ಚಿತ್ರ ಎಲ್ಲಿ ಕೂರಬೇಕು, ಇನ್ನೆಷ್ಟು ಜಾಗ ಇದೆ ಎಂದು ನೋಡಿಕೊಳ್ಳುವುದು ಡಬ್ಬದ ಫೈಲ್ ಸಿಸ್ಟಮ್. ಬೇರೆ ಪ್ರೋಗ್ರಾಮ್‌ಗಳು ಬಂದು ಕೇಳಿದರೆ ಅದು ಜಾಗವನ್ನು ಬ್ಲಾಕ್ ಲೆಕ್ಕದಲ್ಲಿ ಹೇಳುತ್ತದೆ: ಇಷ್ಟು ಬ್ಲಾಕ್ ಖಾಲಿ ಇದೆ, ಒಂದು ಬ್ಲಾಕ್ ಇಷ್ಟು ದೊಡ್ಡದು. ತಮಾಷೆಯೆಂದರೆ ಅದು ಹೇಳುವ ಅಳತೆ ಒಂದಲ್ಲ, ಎರಡು. ಒಂದು ಜಾಗ ಎಣಿಸುವ ಅಳತೆ, ಇನ್ನೊಂದು ಒಂದು ಸಲಕ್ಕೆ ಎಷ್ಟು ಡೇಟಾ ಎತ್ತಿಕೊಂಡರೆ ಹಗುರ ಎಂದು ಹೇಳುವ ಅಳತೆ. ಇಷ್ಟು ವರ್ಷ ಎರಡೂ ಒಂದೇ ಆಗಿದ್ದವು, ಯಾರು ಯಾವುದನ್ನು ಬಳಸಿದರೂ ನಡೆಯುತ್ತಿತ್ತು. ಈಗ ಡಬ್ಬ ನಿಧಾನ ಎಂಬ ದೂರು ಬಂದದ್ದಕ್ಕೆ ಭೀಮಣ್ಣ ಎತ್ತುವ ಅಳತೆಯನ್ನು ಚಿಕ್ಕದು ಮಾಡಿದ್ದರು. ಡಬ್ಬ ಚುರುಕಾಯಿತು. ಕೋಡ್ ಚೊಕ್ಕವಾಗಿತ್ತು, ನ್ಯಾಯವಾಗಿಯೂ ಇತ್ತು.

ತೊಂದರೆ ಇದ್ದದ್ದು ಅಲ್ಲಲ್ಲ. ಪ್ರತಿ ಸೆಂಟರ್‌ನಲ್ಲೂ ಒಂದು ಸಣ್ಣ ಕ್ಲೀನರ್ ಪ್ರೋಗ್ರಾಮ್ ಕೂತಿತ್ತು. ಜಾಗ ಒಂದು ಮಿತಿಗಿಂತ ಕಡಿಮೆಯಾದರೆ ಅತಿ ಹಳೆಯ ಚಿತ್ರಗಳನ್ನು ಅಳಿಸಿ ಜಾಗ ಮಾಡುವುದು ಅದರ ಕೆಲಸ. ಅದು ಖಾಲಿ ಬ್ಲಾಕ್‌ಗಳನ್ನು ಎಣಿಸುವ ಅಳತೆಯಿಂದ ಗುಣಿಸುವ ಬದಲು ಎತ್ತುವ ಅಳತೆಯಿಂದ ಗುಣಿಸುತ್ತಿತ್ತು. ಸೇರಿನಲ್ಲಿ ಅಳೆದ ಅಕ್ಕಿಯನ್ನು ಪಾವು ಎಂದು ಲೆಕ್ಕ ಹಿಡಿದ ಹಾಗೆ. ಹೊಸ ಕೋಡ್ ಡಬ್ಬಕ್ಕೆ ಇಳಿದ ಕ್ಷಣ ಕ್ಲೀನರ್‌ಗೆ ಜಾಗವೇ ಇಲ್ಲ ಎಂದು ಕಾಣುತ್ತದೆ, ಅದು ಅಳಿಸಲು ಶುರುಮಾಡುತ್ತದೆ. ಎಷ್ಟು ಅಳಿಸಿದರೂ ಅದರ ತಪ್ಪು ಲೆಕ್ಕಕ್ಕೆ ಜಾಗ ಸಾಲದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯದು, ನಿಂತು ಯೋಚಿಸುವ ಬುದ್ಧಿ ಅದಕ್ಕೆಲ್ಲಿಂದ ಬರಬೇಕು. ಸಬಾ ಲ್ಯಾಬ್‌ನಲ್ಲಿದ್ದ ಹಳೇ ಡಬ್ಬಕ್ಕೆ ಪರೀಕ್ಷೆಯ ಚಿತ್ರಗಳನ್ನು ತುಂಬಿ ಓಡಿಸಿ ನೋಡಿದ್ದಳು. ಅವಳು ತಿಂಡಿ ಡಬ್ಬಿ ತೆರೆದು ಇಡ್ಲಿ ತಿಂದು ಕೈ ತೊಳೆದು ಬರುವಷ್ಟರಲ್ಲಿ ಒಂದು ಚಿತ್ರವೂ ಉಳಿದಿರಲಿಲ್ಲ.

ಆ ಕ್ಲೀನರ್ ಬರೆದವರೂ ಭೀಮಣ್ಣನೇ.

ಇಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದದೆ ಒಳಗೆ ಬಿಡುವಂತಿಲ್ಲ. ಓದಿದವರು ರಿವ್ಯೂ ಪೇಜಿನಲ್ಲಿ ತಮ್ಮ ಷರಾ ಬರೆಯಬೇಕು. ಆ ಪೇಜನ್ನು ಎಲ್ಲರೂ ನೋಡಬಹುದು, ಮೇಲಿನವರೂ ನೋಡುತ್ತಾರೆ. ಸಂಜೆ ಐದರೊಳಗೆ ಯಾರೂ ಅಡ್ಡ ಹೇಳದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಬದಲಾವಣೆ ತಾನಾಗಿ ಒಳಗೆ ಹೋಗುತ್ತದೆ, ಆ ರಾತ್ರಿಯೇ ಎಲ್ಲ ಸೆಂಟರ್‌ಗಳ ಡಬ್ಬಕ್ಕೆ ಇಳಿಯುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಹೆಣ್ಣು ನೋಡುವ ಶಾಸ್ತ್ರದಿಂದ ಎತ್ತಿ ತಂದು ಕಂಪ್ಯೂಟರಿಗೆ ಕಟ್ಟಿದ ಪುಣ್ಯಾತ್ಮ ಯಾರೋ, ಸಿಕ್ಕರೆ ಎರಡು ಮಾತು ಕೇಳಬೇಕಿತ್ತು.

ಸಬಾ ಷರಾ ಬರೆಯಲು ಕೀಬೋರ್ಡಿನ ಮೇಲೆ ಕೈ ಇಟ್ಟಳು, ತೆಗೆದಳು. ಕಂಪನಿಯನ್ನು ಕೊಂಡ ಹೊಸ ಯಜಮಾನರು ಹಳಬರಲ್ಲಿ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಕಳಿಸುವುದು ಎಂದು ಸೋಮವಾರ ತೀರ್ಮಾನ ಮಾಡುವವರಿದ್ದರು. ಭೀಮಣ್ಣನನ್ನು ಉಳಿಸಿಕೊಳ್ಳಲು ಮ್ಯಾನೇಜರ್ ಸಂಯುಕ್ತಾ ಅಂದು ಮಧ್ಯಾಹ್ನ ಆ ಯಜಮಾನರ ಮುಂದಿಡಲು ಹೊರಟಿದ್ದದ್ದು ಇದೇ ಬದಲಾವಣೆಯನ್ನು. ಅದೇ ಪೇಜಿನಲ್ಲಿ, ಅದೇ ದಿನ, ಇವರ ಕೋಡ್ ಇಳಿದರೆ ರೋಗಿಗಳ ಚಿತ್ರವೆಲ್ಲ ಹೋಗುತ್ತದೆ, ಅದಕ್ಕೆ ಕಾರಣ ಇವರದೇ ಇನ್ನೊಂದು ಕೋಡ್ ಎಂದು ಎಲ್ಲರೆದುರು ಬರೆಯುವುದು ಅವಳಿಂದ ಆಗಲಿಲ್ಲ.

ಅವಳು ಬೆಳೆದದ್ದೂ ಹಾಗೆಯೇ. ಅವಳ ತಂದೆ ದಸ್ತಗೀರ್ ಸಾಹೇಬರು ಒಂದು ಮದುವೆಯಲ್ಲಿ ಬಿರಿಯಾನಿಯ ಅಕ್ಕಿ ಬೇಯದೆ ಉಳಿದಾಗ ಒಂದು ಮಾತೂ ಆಡದೆ ತಟ್ಟೆ ಕೆಳಗಿಟ್ಟು, ಮುದುಕ ಬಾವರ್ಚಿಯನ್ನು ಶಾಮಿಯಾನದ ಹಿಂದಕ್ಕೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿ ಬಂದಿದ್ದರು. ಹಿರಿಯರ ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡಬಾರದು. ಇದನ್ನು ಯಾರೂ ಅವಳಿಗೆ ಪಾಠ ಮಾಡಿ ಕಲಿಸಿರಲಿಲ್ಲ, ಅನ್ನ ನೀರಿನ ಜೊತೆ ಹೊಟ್ಟೆಗೆ ಹೋಗಿತ್ತು.

ಅವಳು ಎದ್ದು ಭೀಮಣ್ಣನ ಮೇಜಿನ ಬಳಿ ಹೋದಳು.

"ಭೀಮಣ್ಣ, ಟೀಗೆ ಬರ್ತೀರಾ?"

"ಇಷ್ಟ್ ಬೇಗನಾ? ಏನ್ ಸಮಾಚಾರ?"

"ಸುಮ್ನೆ."

ಸರ್ವೀಸ್ ರಸ್ತೆಯ ಬದಿಯಲ್ಲಿ ಖಾದರ್ ಬಾಷಾನ ಟೀ ಗಾಡಿ. ಅಲ್ಲಿ ಬಸ್ಸುಗಳ ಗದ್ದಲದಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದು. ಸಬಾ ಲೋಟ ಕೈಗೆ ಬಂದ ಮೇಲೆ ಹೇಳಿದಳು.

"ನಿಮ್ಮ ಚೇಂಜು ಸರಿಯಾಗೇ ಇದೆ ಭೀಮಣ್ಣ. ಆದ್ರೆ ಸೆಂಟರ್‌ಗಳಲ್ಲಿ ನಿಮ್ಮ ಕ್ಲೀನರ್ ಇದೆಯಲ್ಲ, ಅದು ಎತ್ತೋ ಸೈಜಿಂದ ಗುಣಿಸ್ತಿದೆ. ಲ್ಯಾಬಲ್ಲಿ ಓಡಿಸ್ ನೋಡ್ದೆ. ಡಬ್ಬ ಖಾಲಿ ಆಯ್ತು."

"ಎಷ್ಟ್ ಖಾಲಿ?"

"ಪೂರ್ತಿ."

ಭೀಮಣ್ಣ ಟೀ ಕುಡಿಯಲಿಲ್ಲ. ಲೋಟವನ್ನು ಗಾಡಿಯ ಅಂಚಿಗೆ ಇಟ್ಟರು. ಅವರ ಮುಖ ಇಳಿದದ್ದನ್ನು ನೋಡಲಾಗದೆ ಸಬಾ ಬಸ್ಸಿನ ಬೋರ್ಡು ಓದುತ್ತ ನಿಂತಳು.

"ನಾನೇ ಬರ್ದಿದ್ದು ಕಣಮ್ಮ," ಎಂದರು ಕೊನೆಗೆ. "ಯಶವಂತಪುರದ ಆ ಮೊದಲ್ನೇ ಸೆಂಟರ್‌ನಲ್ಲಿ, ನೆಲದ ಮೇಲೆ ಕೂತ್ಕೊಂಡು. ಆಗ ಎರಡೂ ಸೈಜು ಒಂದೇ ಇತ್ತಲ್ಲ, ಯಾವ್ದಾದ್ರೇನು ಅಂತ ಹಾಕ್ಬಿಟ್ಟೆ." ಅವಳ ಕಡೆ ತಿರುಗಿ, "ಪೇಜಲ್ಲಿ ಬರ್ದಿದ್ದೀಯಾ?"

"ಇಲ್ಲ. ಮೊದ್ಲು ನಿಮಗೆ ಹೇಳೋಣ ಅಂತ ಬಂದೆ."

"ಒಳ್ಳೇ ಕೆಲ್ಸ ಮಾಡ್ದೆ. ಬರೀಬೇಡ. ನಾನೇ ವಾಪಸ್ ತಗೋತೀನಿ, ಏನೋ ಸಣ್ಣ ಕೆಲ್ಸ ಬಾಕಿ ಇದೆ ಅಂತ ಹೇಳಿ."

ಸಬಾಳ ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಬ್ಬರ ಟೀ ದುಡ್ಡನ್ನೂ ತಾನೇ ಕೊಟ್ಟಳು, ಹಿಂತಿರುಗುವಾಗ ಏನೇನೋ ಹರಟಿದಳು.

ಆದರೆ ಪೇಜಿನಲ್ಲಿ ಬದಲಾವಣೆ ಹಾಗೆಯೇ ಇತ್ತು. ಹನ್ನೆರಡಾಯಿತು, ಇತ್ತು. ಊಟದ ಹೊತ್ತಾಯಿತು, ಆಗಲೂ ಇತ್ತು. ಸಂಯುಕ್ತಾಳ ಗಾಜಿನ ಕೋಣೆಯೊಳಗೆ ಭೀಮಣ್ಣ ನಿಂತು ಗೋಡೆಯ ಪರದೆಯತ್ತ ಕೈ ತೋರಿಸಿ ಮಾತಾಡುತ್ತಿರುವುದು ಸಬಾಳಿಗೆ ತನ್ನ ಜಾಗದಿಂದಲೇ ಕಾಣುತ್ತಿತ್ತು. ಪರದೆಯ ಮೇಲೆ ಇದ್ದದ್ದು ಅದೇ ಪೇಜು. ಪರದೆಯ ಮೂಲೆಯಲ್ಲಿ ಹೊಸ ಯಜಮಾನರ ಮುಖಗಳು, ಒಂದೊಂದೂ ಒಂದೊಂದು ಚೌಕದಲ್ಲಿ. ಮೀಟಿಂಗ್ ಮುಗಿದಾಗ ಸಂಯುಕ್ತಾ ನಗುತ್ತ ಭೀಮಣ್ಣನ ಕೈ ಕುಲುಕಿದಳು. ಅವರು ಸಬಾಳ ಮೇಜಿನ ಪಕ್ಕದಿಂದಲೇ ಹಾದುಹೋದರು, ಅವಳ ಕಡೆ ನೋಡಲಿಲ್ಲ.

"ವಾಪಸ್ ತಗೊಂಡ್ರಾ ಭೀಮಣ್ಣ?" ಎಂದು ಮೆಸೇಜ್ ಹಾಕಿದಳು. ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ತಡೆಯಲಾಗದೆ ಅವಳು ಪಕ್ಕದ ಮೇಜಿನ ಸುನೀಲನ ಕೋಡ್ ತೆರೆದು ಓದತೊಡಗಿದಳು. ಆ ಹುಡುಗ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಓದಿದಲ್ಲೆಲ್ಲ ಅವಳಿಗೆ ತಪ್ಪು ಕಂಡಿತು, ಕಂಡದ್ದನ್ನೆಲ್ಲ ಪೇಜಿನಲ್ಲಿ ಹಾಕಿದಳು. ಸುನೀಲ ಕುರ್ಚಿ ತಿರುಗಿಸಿದ.

"ಅಕ್ಕಾ, ಸ್ವಲ್ಪನೂ ಕರುಣೆ ಇಲ್ವಾ? ಊರಿಗೆಲ್ಲ ಡಂಗುರ ಹೊಡೆಸ್ಬಿಟ್ರಲ್ಲ."

"ತಪ್ಪು ತಪ್ಪೇ ಕಣೋ. ತಿದ್ದು," ಎಂದಳು. ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದಳು. ಅವಳ ಕಣ್ಣು ಆಗಲೂ ಭೀಮಣ್ಣನ ಖಾಲಿ ಕುರ್ಚಿಯ ಮೇಲಿತ್ತು.

ನಾಲ್ಕು ದಾಟಿದ ಮೇಲೆ ಅವರೇ ಬಂದು ಮೆಟ್ಟಿಲ ಬಳಿ ಕರೆದರು. ಕೈಯಲ್ಲಿ ಫೋನು, ಹಣೆಯಲ್ಲಿ ಬೆವರು.

"ಸಬಾ, ಇವತ್ತೊಂದಿನ ಹೋಗ್ಲಿ ಬಿಡು. ನಾನೇ ಒಂದೊಂದೇ ಸೆಂಟರ್‌ಗೆ ಫೋನ್ ಮಾಡಿ ಕ್ಲೀನರ್ ನಿಲ್ಲಿಸ್ತಿದ್ದೀನಿ. ಅದು ನಿಂತ್ರೆ ಆಯ್ತಲ್ಲ, ಯಾರೂ ಏನೂ ಅಳಿಸಲ್ಲ."

"ಎಲ್ಲಾರೂ ಎತ್ತಿದ್ರಾ?"

"ಎತ್ತುತ್ತಾ ಇದ್ದಾರೆ."

"ರಾಜಾನುಕುಂಟೆ?"

"ಅವ್ರು ಮಧ್ಯಾಹ್ನಕ್ಕೇ ಬಾಗ್ಲು ಹಾಕ್ಕೊಂಡ್ ಹೋಗ್ತಾರೆ. ಮನೆ ನಂಬರ್ ಹುಡುಕ್ತಿದ್ದೀನಿ."

"ಗೊರಗುಂಟೆಪಾಳ್ಯ?"

ಭೀಮಣ್ಣ ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಈಗ್ಲೂ ವಾಪಸ್ ತಗೋಬಹುದಲ್ಲ ಭೀಮಣ್ಣ. ಒಂದು ಬಟನ್."

"ಈಗ್ಲಾ? ಅಷ್ಟ್ ಜನದ ಮುಂದೆ ತೋರ್ಸಿ, ಇವತ್ ರಾತ್ರಿನೇ ಇಳಿಯುತ್ತೆ ಅಂತ ಹೇಳ್ ಬಂದಿದ್ದೀನಿ. ಅವ್ರು ಖುಷಿಯಾಗಿದ್ದಾರೆ. ಈಗ ವಾಪಸ್ ಅಂದ್ರೆ ಯಾಕೆ ಅಂತ ಕೇಳಲ್ವಾ?" ಅವರ ದನಿ ಕೆಳಗಿಳಿಯಿತು. "ಈ ವಯಸ್ಸಲ್ಲಿ ನನ್ನ ಇನ್ಯಾರ್ ತಗೋತಾರೆ ಹೇಳು. ಬೆಳಿಗ್ಗೆ ಬರೀಬೇಡ ಅಂತ ಹೇಳ್ದೆ. ಈಗ ಕೇಳ್ಕೋತಿದ್ದೀನಿ ಕಣಮ್ಮ."

ಇಷ್ಟು ವರ್ಷದಲ್ಲಿ ಭೀಮಣ್ಣ ಅವಳನ್ನು ಏನನ್ನೂ ಬೇಡಿಕೊಂಡಿರಲಿಲ್ಲ. ಸಬಾ ಆಯ್ತು ಎನ್ನಲೂ ಇಲ್ಲ, ಆಗಲ್ಲ ಎನ್ನಲೂ ಇಲ್ಲ. ತನ್ನ ಜಾಗಕ್ಕೆ ಬಂದು ಕೂತಳು.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು. ಬರೆಯದಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಹಿಂದೊಮ್ಮೆ ಡಬ್ಬ ರಿಪೇರಿಗೆಂದು ಯಶವಂತಪುರದ ಸೆಂಟರ್‌ಗೆ ಹೋಗಿದ್ದಾಗ ಅಲ್ಲಿನ ಟೆಕ್ನಿಷಿಯನ್ ಧನಲಕ್ಷ್ಮಿ ಒಬ್ಬ ಹೆಂಗಸಿನ ಹೋದ ವರ್ಷದ ಚಿತ್ರವನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟು ಡಾಕ್ಟರಿಗೆ ತೋರಿಸುತ್ತಿದ್ದಳು. ಗಂಟು ಬೆಳೆದಿದೆಯೋ ಇಲ್ಲವೋ ಎಂದು ತಿಳಿಯುವುದು ಹಳೆಯದು ಪಕ್ಕದಲ್ಲಿದ್ದರೆ ಮಾತ್ರ. ಆ ಹೆಂಗಸು ಹೊರಗೆ ಬೆಂಚಿನ ಮೇಲೆ ಬಾಗಿಲ ಕಡೆಯೇ ನೋಡುತ್ತ ಕೂತಿದ್ದಳು. ಸಣ್ಣ ಸೆಂಟರ್‌ಗಳು ಚಿತ್ರಗಳ ಇನ್ನೊಂದು ಪ್ರತಿ ಇಡುವುದಿಲ್ಲ. ಡಬ್ಬದಲ್ಲಿ ಹೋದರೆ ಹೋಯಿತು. ಗೊರಗುಂಟೆಪಾಳ್ಯದವರು ಫೋನ್ ಎತ್ತದಿದ್ದರೆ ನಾಳೆ ಬೆಳಿಗ್ಗೆ ಅಲ್ಲಿನ ಬೆಂಚಿನ ಮೇಲೆ ಕೂತವರಿಗೆ ಯಾರು ಏನು ಹೇಳಬೇಕು?

ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಸಬಾ ಬರೆದಳು. "ಇದನ್ನು ಒಳಗೆ ಬಿಡಬಾರದು. ಎತ್ತುವ ಅಳತೆ ಚಿಕ್ಕದಾದರೆ ಸೆಂಟರ್‌ಗಳಲ್ಲಿರುವ ಕ್ಲೀನರ್ ಜಾಗವನ್ನು ತಪ್ಪಾಗಿ ಲೆಕ್ಕ ಹಾಕಿ ಎಲ್ಲ ಚಿತ್ರಗಳನ್ನು ಅಳಿಸುತ್ತದೆ. ಲ್ಯಾಬ್‌ನಲ್ಲಿ ಓಡಿಸಿದಾಗ ಎಲ್ಲ ಅಳಿಸಿಹೋಯಿತು. ಮೊದಲು ಕ್ಲೀನರ್ ಬದಲಾಗಬೇಕು." ಕ್ಲೀನರ್ ಯಾರದೆಂದು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಕಂಪನಿಯಲ್ಲಿ ಅದು ಗೊತ್ತಿಲ್ಲದವರು ಯಾರು? ಕಳಿಸುವ ಬಟನ್ ಒತ್ತಿ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಮೆಟ್ಟಿಲ ಕಡೆಯಿಂದ ಭೀಮಣ್ಣ ಯಾರಿಗೋ, "ಸ್ವಲ್ಪ ನೋಡಿ ಹೇಳಿ ಸರ್, ಅರ್ಜೆಂಟ್ ಇತ್ತು," ಎನ್ನುತ್ತಿರುವುದು ಕೇಳಿಸುತ್ತಿತ್ತು. ಪೇಜು ಕೆಂಪಗಾಯಿತು. ಬದಲಾವಣೆ ನಿಂತಿತು.

ಆ ರಾತ್ರಿ ಯಾವ ಸೆಂಟರ್‌ನಲ್ಲೂ ಏನೂ ಆಗಲಿಲ್ಲ. ಏನೂ ಆಗದಿರುವುದಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಶನಿವಾರ, ಭಾನುವಾರ ಸಬಾ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ತಾಯಿ ನಸೀಮಾ ಹಣೆ ಮುಟ್ಟಿ ನೋಡಿ ಜ್ವರ ಇಲ್ಲವಲ್ಲ ಎಂದರು. ಭೀಮಣ್ಣನಿಗೆ ಅವಳು ಬರೆದು ಅಳಿಸಿದ ಮೆಸೇಜುಗಳಿಗೆ ಲೆಕ್ಕವಿಲ್ಲ.

ಸೋಮವಾರ ಸಂಯುಕ್ತಾ ಇಬ್ಬರನ್ನೂ ಗಾಜಿನ ಕೋಣೆಗೆ ಕರೆದಳು. ಪರದೆಯ ಮೇಲೆ ಈ ಸಲ ಯಾವ ಮುಖವೂ ಇರಲಿಲ್ಲ. ಭೀಮಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು, ಅದನ್ನು ನೋಡಿಯೇ ಸಬಾಳಿಗೆ ಸಂಕಟವಾಯಿತು.

"ತಪ್ಪು ಹಿಡಿದಿದ್ದು ಒಳ್ಳೇದಾಯ್ತು ಸಬಾ. ಕ್ಲೀನರ್ ತಿದ್ದಿದ್ರೆ ಮುಗೀತು, ಅದರ ಬಗ್ಗೆ ಯಾರಿಗೂ ತಕರಾರಿಲ್ಲ," ಎಂದಳು ಸಂಯುಕ್ತಾ. "ಅವರು ಕೇಳ್ತಿರೋದು ಬೇರೆ. ಲ್ಯಾಬ್‌ನಲ್ಲಿ ನಿಮ್ಮ ಟೆಸ್ಟ್ ಬೆಳಿಗ್ಗೇನೇ ಓಡಿದೆ. ನೀವು ಬರೆದಿದ್ದು ಐದು ಗಂಟೆ ಹತ್ತಿರ ಬಂದಾಗ. ನಡುವೆ ಏನಾಯ್ತು?"

ಸಬಾ ಮೇಜಿನ ಗೀಟು ನೋಡುತ್ತ, "ಖಾತ್ರಿ ಮಾಡ್ಕೊಳ್ತಿದ್ದೆ," ಎಂದಳು.

"ಇಡೀ ದಿನಾನಾ?"

"ಹೂಂ."

"ಅಷ್ಟು ದೊಡ್ಡ ಅಪಾಯ ಗೊತ್ತಿದ್ದೂ ನೀವು ದಿನವಿಡೀ ಬಾಯ್ಬಿಡ್ಲಿಲ್ಲ ಅಂತ ಆಗುತ್ತೆ ಸಬಾ. ಹಾಗೇ ಬರೆದು ಕಳಿಸ್ಲಾ?"

"ಕಳಿಸಿ."

"ಕಳಿಸ್ಬೇಡಿ ಮೇಡಂ." ಭೀಮಣ್ಣ ಮೊದಲ ಸಲ ಬಾಯಿ ತೆರೆದರು. "ಅವ್ಳು ಬೆಳಿಗ್ಗೇನೇ ನನಗೆ ಹೇಳಿದ್ಲು. ಪೇಜಲ್ಲಿ ಬರೀಬೇಡ ಅಂದೋನು ನಾನು. ಗೊತ್ತಿದ್ದೇ ನಿಮ್ಮ ಮುಂದೆ ನಿಂತು ಇದನ್ನ ತೋರ್ಸಿದ್ದೂ ನಾನೇ."

ಸಂಯುಕ್ತಾ ತನ್ನ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಸಬಾಳಿಗೆ ಹೊರಗೆ ಹೋಗಲು ಹೇಳಿದಳು, ಬಾಗಿಲು ಹಾಕಿಕೊಂಡಳು. ಭೀಮಣ್ಣ ಹೊರಬಂದಾಗ ಅವರ ಕೊರಳಲ್ಲಿ ಐಡಿ ಕಾರ್ಡ್ ಇರಲಿಲ್ಲ. ಯಾರ ಕಡೆಯೂ ನೋಡದೆ ಹೆಲ್ಮೆಟ್ ತೆಗೆದುಕೊಂಡು ಮೆಟ್ಟಿಲು ಹಿಡಿದರು. ಸಬಾ ಹಿಂದೆಯೇ ಓಡಿದಳು.

"ಭೀಮಣ್ಣ, ನನ್ನಿಂದಾನೇ ಹೀಗಾಯ್ತು. ನಾನು ನಿಮ್ಮ ಮರ್ಯಾದೆ ಉಳೀಲಿ ಅಂತ ಮೊದ್ಲು ನಿಮ್ಮ ಹತ್ರ ಬಂದೆ."

"ಗೊತ್ತು ಕಣಮ್ಮ." ಅವರು ನಿಂತರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ತಪ್ಪು ಮಾಡಿದ್ದಕ್ಕೆ ಯಾರನ್ನೂ ಮನೆಗೆ ಕಳ್ಸಲ್ಲ. ಬೆಳಿಗ್ಗೆ ನೀನು ಬರ್ದಿದ್ರೆ ಅದು ಬರೀ ತಪ್ಪು. ಮಧ್ಯಾಹ್ನ ನಾನು ತಿದ್ತಿದ್ದೆ, ಇಬ್ರೂ ನಗ್ತಿದ್ವಿ. ನೀನು ಟೀಗೆ ಕರ್ದೆ. ಬಚ್ಚಿಡೋಕೆ ನನಗೊಂದು ದಿನ ಸಿಕ್ತು. ನಾನು ಬಚ್ಚಿಟ್ಟೆ. ಆ ದಿನ ಸಿಗದೆ ಇದ್ದಿದ್ರೆ ನಾನು ಅಂಥೋನು ಅಂತ ನನಗೂ ಗೊತ್ತಾಗ್ತಿರ್ಲಿಲ್ಲ."

ಸಬಾ ಗೋಡೆಗೆ ಒರಗಿ ನಿಂತಳು.

"ಒಂದ್ ಕೇಳ್ತೀನಿ, ನಿಜ ಹೇಳು. ಅದೇ ತಪ್ಪನ್ನ ಸುನೀಲ ಮಾಡಿದ್ರೆ ಏನ್ ಮಾಡ್ತಿದ್ದೆ?"

"ಪೇಜಲ್ಲಿ ಹಾಕ್ತಿದ್ದೆ."

"ಯಾವಾಗ?"

"ಆಗ್ಲೇ."

ಭೀಮಣ್ಣ ತಲೆಯಾಡಿಸಿದರು. ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಹಾಕಿ ಬಿಚ್ಚಿದರು.

"ಸುನೀಲನಿಗೆ ಕೊಡೋ ಮರ್ಯಾದೆ ನನಗೂ ಕೊಡ್ಬೇಕಿತ್ತು ಸಬಾ," ಎಂದು ಹೇಳಿ ಕೆಳಗಿಳಿದು ಹೋದರು.